ಟೆಲಿಹ್ಯಾಂಡ್ಲರಾ, ಫೋರ್ಕ್‌ಲಿಫ್ಟಾ, ಕ್ರೇನಾ? ಭಾರ ಎತ್ತೋ ಮಷೀನ್ ಆರಿಸೋ ಮುಂಚೆ ಇಷ್ಟು ನೋಡ್ಕೊಳ್ಳಿ

ಭಾರದ ಮಾಲು ಎತ್ತಿ ಇನ್ನೊಂದು ಕಡೆ ಇಡ್ಬೇಕು, ಯಾವ ಮಷೀನ್ ತರಿಸೋಣ ಅಂತ ಮಾತು ಬಂದ ತಕ್ಷಣ ಎಲ್ಲರೂ ಕೇಳೋದು "ಎಷ್ಟು ಟನ್ನಿಂದು?" ಅಂತ. ಕೇಳ್ಲೇಬೇಕು, ಆದ್ರೆ ಅದು ಅರ್ಧ ಪ್ರಶ್ನೆ ಅಷ್ಟೇ. ಎಷ್ಟು ಭಾರ, ಎಷ್ಟು ಎತ್ತರಕ್ಕೆ, ಮಷೀನಿನ ಮುಂದಿನ ಟೈರಿಂದ ಎಷ್ಟು ಮುಂದಕ್ಕೆ, ಈ ಮೂರನ್ನೂ ಒಟ್ಟಿಗೆ ಇಟ್ಕೊಂಡು ಕೇಳಿದ್ರೆ ಮಾತ್ರ ಸರಿಯಾದ ಮಷೀನ್ ಸಿಗುತ್ತೆ. ಇಲ್ಲಾಂದ್ರೆ 4 ಟನ್ ಅಂತ ಬರೆದಿರೋ ಮಷೀನ್ ತರಿಸಿ, 1 ಟನ್ ಪ್ಯಾಲೆಟ್ (ಮಾಲು ಜೋಡಿಸಿಡೋ ಮರದ ಹಲಗೆ) ಕೂಡ ಇಡೋಕಾಗದೆ ಅಲಾರಂ ಹೊಡ್ಕೊಂಡು ನಿಂತಿರುತ್ತೆ. ಆಮೇಲೆ ಯಾರೋ "ಆ ಸೇಫ್ಟಿ ಲಾಕನ್ನ ಸ್ವಲ್ಪ ಬೈಪಾಸ್ ಮಾಡಿ ಒಂದ್ಸಲ ಎತ್ತಿಬಿಡು" ಅಂತಾರೆ, ಮಷೀನ್ ಮುಗ್ಗರಿಸೋದು ಅಲ್ಲಿಂದಾನೇ ಶುರು.

ಟೆಲಿಹ್ಯಾಂಡ್ಲರ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ ಎರಡು ಮಾತು. ಹಿಂದಗಡೆ ಪಿವಟ್ ಇಟ್ಟು ಮುಂದಕ್ಕೆ ಚಾಚಿರೋ ಒಂದು ಬೂಮ್, ಅಂದ್ರೆ ಉದ್ದನೆ ತೋಳು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ಒಳಗಿಂದ ಹೊರಕ್ಕೆ ಬರುತ್ತೆ, ತುದಿಗೆ ಫೋರ್ಕ್ ಅಥವಾ ಬಕೆಟ್ ಅಥವಾ ಹುಕ್ ಹಾಕ್ತಾರೆ, ಕೆಳಗೆ ದೊಡ್ಡ ಟೈರು, ನಾಲ್ಕೂ ಚಕ್ರಕ್ಕೆ ಪವರ್. ಹಾಗಾಗಿ ಫೋರ್ಕ್‌ಲಿಫ್ಟ್ ಕೆಲಸ, ಸಣ್ಣ ಕ್ರೇನ್ ಕೆಲಸ, ಲೋಡರ್ ಕೆಲಸ ಮೂರೂ ಸ್ವಲ್ಪ ಸ್ವಲ್ಪ ಮಾಡುತ್ತೆ. ಜೆಸಿಬಿ ಕಂಪನಿ 1977ರಲ್ಲಿ ಲೋಡಾಲ್ ಅಂತ ತಂದ್ಮೇಲೆ ಕಟ್ಟಡದ ಸೈಟು, ಹೊಲ ಎರಡರಲ್ಲೂ ಇದು ಹಬ್ಬಿತು. ಮೂರು ಕೆಲಸ ಮಾಡುತ್ತೆ ಅಂದ್ಮೇಲೆ ಮೂರರಲ್ಲೂ ಇದೇ ಬೆಸ್ಟ್ ಅಂತ ಅಂದ್ಕೊಳ್ಳೋದು ಮಾತ್ರ ಬೇಡ, ಎಲ್ಲಿ ಬೆಸ್ಟ್, ಎಲ್ಲಿ ಬೇರೆ ಮಷೀನ್ ಮೇಲು ಅಂತ ಒಂದೊಂದಾಗಿ ನೋಡೋಣ.

ಮೊದಲು ಲೋಡ್ ಚಾರ್ಟ್, ಆಮೇಲೆ ಮಿಕ್ಕಿದ್ದೆಲ್ಲ

ಎಷ್ಟು ದೂರ, ಎಷ್ಟು ಎತ್ತರದಲ್ಲಿ ಮಷೀನ್ ಎಷ್ಟು ತೂಕ ಎತ್ತುತ್ತೆ ಅಂತ ತೋರಿಸೋ ಚಿತ್ರವೇ ಲೋಡ್ ಚಾರ್ಟ್. ಹೋಲಿಕೆಗೆ ಹೋಗೋ ಮುಂಚೆ ಇದೊಂದು ಅರ್ಥ ಆಗ್ಲೇಬೇಕು, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ. ತುಂಬಿದ ಬಕೆಟ್ಟನ್ನ ಎದೆ ಹತ್ರ ಹಿಡ್ಕೊಳ್ಳೋದಕ್ಕೂ ಕೈ ಚಾಚಿ ಹಿಡ್ಕೊಳ್ಳೋದಕ್ಕೂ ಎಷ್ಟು ವ್ಯತ್ಯಾಸ ಇದೆಯೋ ಟೆಲಿಹ್ಯಾಂಡ್ಲರಿಗೂ ಅದೇ ಕಥೆ. ಮುಂದಿನ ಚಕ್ರಾನೇ ಅದರ ತಕ್ಕಡಿ ಮುಳ್ಳು, ಹಿಂದೆ ಮಷೀನಿನ ತೂಕ, ಮುಂದೆ ಲೋಡು. 1200 ಕೆಜಿ 4 ಮೀಟರ್ ಮುಂದಕ್ಕೆ ಹೋದ್ರೆ ಬೀಳೋ ಎಳೆತಾನೂ 600 ಕೆಜಿ 8 ಮೀಟರ್ ಮುಂದಕ್ಕೆ ಹೋದಾಗಿನ ಎಳೆತಾನೂ ಒಂದೇ. ನಿಜವಾಗಿ ಇನ್ನೂ ಕೆಟ್ಟದಾಗಿರುತ್ತೆ, ಯಾಕಂದ್ರೆ ಬೂಮ್ ಚಾಚಿದಾಗ ಬೂಮಿನ ಸ್ವಂತ ತೂಕಾನೂ ಮುಂದಕ್ಕೆ ಹೋಗುತ್ತೆ, ಹಾಗಾಗಿ ಕೆಪಾಸಿಟಿ ನಾವು ಅಂದ್ಕೊಂಡಿದ್ದಕ್ಕಿಂತ ಬೇಗ ಇಳಿಯುತ್ತೆ. 4 ಟನ್, 17 ಮೀಟರ್ ಕ್ಲಾಸಿನ ಎಷ್ಟೋ ಮಷೀನುಗಳು ಬೂಮ್ ಪೂರ್ತಿ ಮುಂದಕ್ಕೆ ಚಾಚಿದಾಗ ಅರ್ಧ ಟನ್ ಆಸುಪಾಸಿಗೆ ಬಂದು ನಿಲ್ತವೆ. ಕಂಪನಿಯವರು ಸುಳ್ಳು ಬರೆದಿಲ್ಲ, 4 ಟನ್ ಅನ್ನೋದು ಬೂಮ್ ಒಳಗೆ ಎಳ್ಕೊಂಡಿದ್ದಾಗಿನ ಲೆಕ್ಕ.

ಮಾಡೆಲ್ ನಂಬರಲ್ಲೇ ಈ ಎರಡು ದೊಡ್ಡ ಅಂಕಿ ಅಡಗಿರುತ್ತೆ, ಓದೋದು ಕಲಿತ್ಕೊಂಡ್ರೆ ಪಟ್ಟಿ ನೋಡೋದು ಸುಲಭ. ಜೆಸಿಬಿ 540-170 ಅಂದ್ರೆ 4 ಟನ್, ಸುಮಾರು 17 ಮೀಟರ್, ಮ್ಯಾನಿಟೂ ಎಂಟಿ 1840 ಅಂದ್ರೆ ತಿರುಗಿಸಿ ಓದಿ, ಸುಮಾರು 18 ಮೀಟರ್, 4 ಟನ್, ಮೆರ್ಲೊ ಪಿ 40.17 ಅಂದ್ರೂ 4 ಟನ್ 17 ಮೀಟರ್. ಅಮೆರಿಕದ ಜೀನಿ ಜಿಟಿಎಚ್-1056 ಅಂದ್ರೆ 10 ಸಾವಿರ ಪೌಂಡ್, 56 ಅಡಿ, ಅಂದ್ರೆ ಹತ್ರ ಹತ್ರ 4.5 ಟನ್, 17 ಮೀಟರ್. ಆದ್ರೆ ನೆನಪಿಡಿ, ಈ ಎರಡು ಅಂಕಿ ಒಟ್ಟಿಗೆ ಸಿಗೋದು ಅಪರೂಪ. ಆ ಟನ್ ಆ ಎತ್ತರದಲ್ಲಿ ಸಿಗುತ್ತಾ ಅನ್ನೋದನ್ನ ಚಾರ್ಟೇ ಹೇಳಬೇಕು.

ಚಾರ್ಟ್ ಓದೋದು ಕಷ್ಟ ಏನಿಲ್ಲ. ಅಡ್ಡ ಗೆರೆ ಮುಂದಿನ ಟೈರಿನ ಮುಂಭಾಗದಿಂದ ದೂರ, ನಿಂತ ಗೆರೆ ನೆಲದಿಂದ ಎತ್ತರ, ಒಳಗೆ ಕಮಾನು ಕಮಾನಾಗಿ ವಲಯಗಳು, ಪ್ರತಿ ವಲಯಕ್ಕೂ ಒಂದು ತೂಕ. ನಿಮ್ಮ ಕೆಲಸದಲ್ಲಿ ಅತ್ಯಂತ ಕಷ್ಟದ ಪಾಯಿಂಟ್ ಯಾವುದು ಅಂತ ಹುಡುಕಿ, ಅತ್ಯಂತ ಎತ್ತರದ್ದೇ ಕಷ್ಟದ್ದು ಅಂತೇನಿಲ್ಲ, ಎಷ್ಟೋ ಸಲ ಕಡಿಮೆ ಎತ್ತರದಲ್ಲಿ ಜಾಸ್ತಿ ದೂರ ಚಾಚೋದೇ ಕಷ್ಟ ಆಗಿರುತ್ತೆ. ಉದಾಹರಣೆಗೆ 1200 ಕೆಜಿ ಬ್ಲಾಕ್ ಪ್ಯಾಲೆಟ್, 10 ಮೀಟರ್ ಎತ್ತರದ ಸ್ಲ್ಯಾಬ್ ಮೇಲೆ ಇಡ್ಬೇಕು, ಕೆಳಗೆ ಸ್ಕ್ಯಾಫೋಲ್ಡಿಂಗ್ ಇರೋದ್ರಿಂದ ಮಷೀನ್ 3 ಮೀಟರಿಗಿಂತ ಹತ್ರ ಹೋಗಲ್ಲ, ಸ್ಲ್ಯಾಬ್ ಅಂಚಿಂದ ಒಳಗೆ ಇನ್ನೂ 2 ಮೀಟರ್ ಇಡ್ಬೇಕು. ಹಾಗಾದ್ರೆ ನಿಮ್ಮ ಪಾಯಿಂಟ್ 5 ಮೀಟರ್ ದೂರ, 10 ಮೀಟರ್ ಎತ್ತರ, ಅದರ ಜೊತೆ ಸ್ಲ್ಯಾಬ್ ಅಂಚು ದಾಟೋಕೆ ಅರ್ಧ ಮೀಟರ್ ಮೇಲೆ. ಚಾರ್ಟಲ್ಲಿ ಆ ಚುಕ್ಕೆ ಇಟ್ಟು ಯಾವ ವಲಯದಲ್ಲಿ ಬೀಳುತ್ತೆ ನೋಡಿ, ಗೆರೆ ಮೇಲೇ ಬಿದ್ರೆ ಕಡಿಮೆ ತೂಕದ ವಲಯಾನೇ ಲೆಕ್ಕಕ್ಕೆ ತಗೊಳ್ಳಿ.

ಇನ್ನೊಂದು, ಚಾರ್ಟ್ ಕೆಳಗೆ ಸಣ್ಣ ಅಕ್ಷರದಲ್ಲಿ ಲೋಡ್ ಸೆಂಟರ್ ಅಂತ ಇರುತ್ತೆ, ಸಾಮಾನ್ಯವಾಗಿ 500 ಅಥವಾ 600 ಮಿಲಿಮೀಟರ್. ಫೋರ್ಕಿನ ಹಿಂಬದಿ ಗೋಡೆಯಿಂದ ಲೋಡಿನ ತೂಕದ ನಡು ಅಷ್ಟು ದೂರ ಇದೆ ಅಂತ ಇಟ್ಕೊಂಡು ಬರೆದಿರೋ ಲೆಕ್ಕ ಅದು. 1.2 ಮೀಟರ್ ಆಳದ ಪ್ಯಾಲೆಟ್ ಆದ್ರೆ ನಡು 600ರಲ್ಲಿ, ಚಾರ್ಟ್ 500ಕ್ಕೆ ಇದ್ರೆ ಆಗ್ಲೇ ನೀವು ಚಾರ್ಟ್ ಹೊರಗಿದ್ದೀರಿ. ಪ್ಲೈವುಡ್ ಶೀಟ್, ಉದ್ದದ ಚೌಕಟ್ಟು ಇಂಥವಕ್ಕೆ ಇನ್ನೂ ಜಾಸ್ತಿ. ಅಟ್ಯಾಚ್‌ಮೆಂಟ್ ಬದಲಾದ್ರೆ ಚಾರ್ಟೂ ಬದಲಾಗುತ್ತೆ, ಫೋರ್ಕಿಗೆ ಒಂದು, ಜಿಬ್ಬಿಗೆ (ತುದಿಯಲ್ಲಿ ಹುಕ್ ಇರೋ ತೋಳು) ಒಂದು, ವಿಂಚಿಗೆ (ಹಗ್ಗ ಸುತ್ತಿ ಎಳೆಯೋ ಸಾಧನ) ಒಂದು, ಬಕೆಟ್ಟಿಗೆ ಒಂದು. ಫೋರ್ಕ್ ಚಾರ್ಟ್ ಇಟ್ಕೊಂಡು ಜಿಬ್ಬಲ್ಲಿ ಕೆಲಸ ಮಾಡೋದು ಲೆಕ್ಕವೇ ಇಲ್ಲದೆ ಕೆಲಸ ಮಾಡಿದ ಹಾಗೆ, ಈ ವಿಷಯದಲ್ಲಿ ಯಾರು ಏನೇ ಹೇಳಿದ್ರೂ ರಾಜಿ ಮಾಡ್ಕೋಬೇಡಿ.

ಫೋರ್ಕ್‌ಲಿಫ್ಟ್ ಜೊತೆ ಹೋಲಿಸಿದ್ರೆ

ಗಟ್ಟಿ ಸಮನೆಲ, ಒಳಗಡೆ ಕೆಲಸ, ರ್‍ಯಾಕ್ ಸಾಲುಗಳ ನಡುವೆ ಓಡಾಟ, ದಿನಕ್ಕೆ ನೂರಾರು ಪ್ಯಾಲೆಟ್, ಇದಕ್ಕೆ ಫೋರ್ಕ್‌ಲಿಫ್ಟೇ ಸರಿ, ಟೆಲಿಹ್ಯಾಂಡ್ಲರ್ ಬೇಡ. ಫೋರ್ಕ್‌ಲಿಫ್ಟಿನ ಮಾಸ್ಟ್, ಅಂದ್ರೆ ಮುಂದಿರೋ ಎತ್ತೋ ಕಂಬ, ನೆಟ್ಟಗೆ ಮೇಲಕ್ಕೆ ಹೋಗುತ್ತೆ, ಲೋಡ್ ಮುಂದಕ್ಕೂ ಹಿಂದಕ್ಕೂ ಸರಿಯೋದಿಲ್ಲ, ಹಾಗಾಗಿ ಬೇಗ ಬೇಗ ಇಡೋಕೆ ತೆಗೆಯೋಕೆ ಸಲೀಸು. ಅದರ ಮಿತಿ ಏನಂದ್ರೆ ಇಡೋ ಜಾಗದ ಮೂಗಿನ ತನಕ ಮಷೀನೇ ಹೋಗ್ಬೇಕು. ನಡುವೆ ಒಂದು ಚರಂಡಿ, ಒಂದು ಗೋಡೆ, ಒಂದು ಕಂಬಿ ರಾಶಿ ಇದ್ರೂ ಕೆಲಸ ನಿಂತ್ಹೋಗುತ್ತೆ. ದೊಡ್ಡ ಟೈರಿನ ರಫ್ ಟೆರೈನ್ ಫೋರ್ಕ್‌ಲಿಫ್ಟ್ ಮಣ್ಣಲ್ಲಿ ಓಡುತ್ತೆ, ಲಾರಿಯಿಂದ ಇಳಿಸಿ ಯಾರ್ಡಲ್ಲಿ ಜೋಡಿಸೋದಷ್ಟೇ ಕೆಲಸ ಆದ್ರೆ ಅದು ಸರಳ, ಕಲಿಯೋದೂ ಸುಲಭ. ಆದ್ರೆ ಅದೂ ಅಡ್ಡ ಇರೋದನ್ನ ದಾಟಿ ಚಾಚಲ್ಲ.

ಟೆಲಿಹ್ಯಾಂಡ್ಲರ್ ಚಾಚುತ್ತೆ, ಅದೇ ಅದರ ಶಕ್ತಿ. ಲಾರಿಯ ಒಂದೇ ಬದಿಯಲ್ಲಿ ನಿಂತು ಆ ಕಡೆ ಬದಿಯ ಪ್ಯಾಲೆಟ್ಟನ್ನೂ ತೆಗೀಬಹುದು. ಆದ್ರೆ ಫೋರ್ಕ್‌ಲಿಫ್ಟ್ ಓಡಿಸಿ ಅಭ್ಯಾಸ ಇರೋ ಆಪರೇಟರನ್ನ ಸೀದಾ ಇದರ ಮೇಲೆ ಕೂರಿಸಬಾರದು, ಯಾಕಂದ್ರೆ ಬೂಮ್ ಕಮಾನಾಗಿ ಚಲಿಸುತ್ತೆ. ಪಿವಟ್ಟಿಂದ 12 ಮೀಟರ್ ಉದ್ದ ಚಾಚಿರೋ ಬೂಮ್ 60 ಡಿಗ್ರಿ ಮೇಲಕ್ಕಿದ್ದಾಗ ಅದರ ತುದಿ ಪಿವಟ್ಟಿಂದ 6 ಮೀಟರ್ ಮುಂದೆ ಇರುತ್ತೆ, ಅದನ್ನೇ ಉದ್ದ ಬದಲಾಯಿಸ್ದೆ 30 ಡಿಗ್ರಿಗೆ ಇಳಿಸಿದ್ರೆ ತುದಿ 10 ಮೀಟರ್ ದಾಟಿ ಮುಂದಕ್ಕೆ ಹೋಗಿರುತ್ತೆ. ಅಂದ್ರೆ ಲೋಡ್ ಇಳಿಸ್ತಾ ಇದ್ದೀನಿ, ಸೇಫ್ ಆಗ್ತಾ ಇದ್ದೀನಿ ಅಂದ್ಕೊಂಡ್ರೂ ನಿಜದಲ್ಲಿ ಮಷೀನ್ ಮುಂದಕ್ಕೆ ವಾಲೋ ಕಡೆ ಹೋಗ್ತಾ ಇರ್ತೀರಿ. ಮೊದಲು ಬೂಮ್ ಒಳಗೆ ಎಳ್ಕೋಬೇಕು, ಆಮೇಲೆ ಇಳಿಸ್ಬೇಕು. ಮಷೀನ್ ವಾಲೋಕೆ ಎಷ್ಟು ಹತ್ರ ಇದೆ ಅಂತ ತೋರಿಸೋ ಲೋಡ್ ಮೊಮೆಂಟ್ ಇಂಡಿಕೇಟರ್ ಕೆಂಪಾದಾಗ ಚಾಚೋದು, ಇಳಿಸೋದು ಲಾಕ್ ಆಗಿ ಒಳಗೆ ಎಳೆಯೋದಕ್ಕೆ ಮಾತ್ರ ಬಿಡೋದು ಇದೇ ಕಾರಣಕ್ಕೆ, ಯುರೋಪಿನ ಇಎನ್ 15000 ಸ್ಟ್ಯಾಂಡರ್ಡ್ ಈ ಮುಂದಕ್ಕೆ ವಾಲೋ ಅಪಾಯದ ಕಂಟ್ರೋಲಿಗೇ ಅಂತ ಮಾಡಿರೋದು.

ಕ್ರೇನ್ ಜೊತೆ

ಇಲ್ಲಿ ಜನ ಜಾಸ್ತಿ ಗೊಂದಲ ಮಾಡ್ಕೋತಾರೆ. ಹತ್ತಾರು ಟನ್ನಿನ ಬೀಮು, ದೊಡ್ಡ ಪ್ರೀಕಾಸ್ಟ್ ಪ್ಯಾನೆಲ್ಲು, ಕಟ್ಟಡದ ಮೇಲೆ ಹಾಯ್ದು ಹಿಂದಗಡೆಗೆ ಇಳಿಸೋದು ಇದೆಲ್ಲ ಕ್ರೇನ್ ಕೆಲಸ, ಸುತ್ತು ಬಳಸಿ ಯೋಚನೆ ಮಾಡೋದೇ ಬೇಡ. ಆದ್ರೆ ಕ್ರೇನ್ ಮಾಡೋಕಾಗದ ಒಂದು ಕೆಲಸ ಟೆಲಿಹ್ಯಾಂಡ್ಲರ್ ಮಾಡುತ್ತೆ: ಮೇಲೊಂದು ಸ್ಲ್ಯಾಬ್ ಇದ್ರೂ ಅದರ ಕೆಳಗಿನ ಮಹಡಿಯೊಳಗೆ ಪ್ಯಾಲೆಟ್ ತೂರಿಸಿ ಇಡೋದು. ಕ್ರೇನಿನ ಹಗ್ಗ ಮೇಲಿಂದ ಬರ್ಬೇಕು, ಮೇಲೆ ಸ್ಲ್ಯಾಬ್ ಇದ್ರೆ ಅಂಚಲ್ಲಿ ಲೋಡಿಂಗ್ ಪ್ಲಾಟ್‌ಫಾರ್ಮ್ ಕಟ್ಟಬೇಕಾಗುತ್ತೆ. ಫೋರ್ಕ್ ಆದ್ರೆ ಪಕ್ಕದಿಂದ ಒಳಗೆ ಹೋಗುತ್ತೆ. ಬ್ಲಾಕು, ಟೈಲ್ಸು, ಜಿಪ್ಸಮ್ ಬೋರ್ಡು, ಕಿಟಕಿ ಚೌಕಟ್ಟು ಇಂಥದ್ದನ್ನ ಮಹಡಿ ಮಹಡಿಗೆ ಹಂಚೋ ಕೆಲಸ ವಾರಗಟ್ಟಲೆ ಇದ್ರೆ ಟೆಲಿಹ್ಯಾಂಡ್ಲರ್ ತುಂಬಾ ಮುಂದೆ, ಸ್ಲಿಂಗ್ (ಲೋಡಿಗೆ ಸುತ್ತಿ ಎತ್ತೋ ಪಟ್ಟಿ) ಹಾಕೋದು ಬಿಚ್ಚೋದು ಇಲ್ಲ, ಲಾರಿ ಬಂದ ತಕ್ಷಣ ಇಳಿಸಿ ಅಲ್ಲಿಂದಾನೇ ತಗೊಂಡು ಹೋಗಿ ಇಡಬಹುದು.

ಚಕ್ರದ ಮೇಲೆ ಲೋಡ್ ತೂಗಾಡಿಸ್ಕೊಂಡು ಹೋಗೋ ಪಿಕ್ ಅಂಡ್ ಕ್ಯಾರಿ ಕ್ರೇನ್, ಹೈಡ್ರಾ ಅಂತಾರಲ್ಲ, ಅದು ಪೈಪು, ಕಂಬಿ ಕಟ್ಟು, ಮೋಟಾರು, ಟ್ಯಾಂಕು ಇಂಥ ಫೋರ್ಕ್ ಹಾಕೋಕಾಗದ ಮಾಲಿಗೆ ಒಳ್ಳೇದು. ತೂಗಾಡೋ ಲೋಡಿಗೆ ಬ್ರೇಕ್ ಹಾಕಿದಾಗ ಮುಂದಕ್ಕೆ ತೂರಿ ಬರೋ ಗುಣ ಇದೆ, ನಡು ಮುರಿದು ತಿರುಗೋ ಚಾಸಿ ಆದ್ರೆ ತಿರುಗುವಾಗ ಸ್ಥಿರತೆ ಕಡಿಮೆ ಆಗುತ್ತೆ, ಹಾಗಾಗಿ ಏರುಪೇರು ನೆಲದಲ್ಲಿ ಅದನ್ನ ನಾನು ಆರಿಸಲ್ಲ. ಟೆಲಿಹ್ಯಾಂಡ್ಲರಿಗೂ ಹುಕ್ ಹಾಕಿ ತೂಗಾಡಿಸಬಹುದು, ಆದ್ರೆ ಆಗ ಅದಕ್ಕೂ ಅದೇ ಅಪಾಯ, ನಡೆಯೋ ವೇಗಕ್ಕಿಂತ ಜಾಸ್ತಿ ಹೋಗಬಾರದು, ಲೋಡಿಗೆ ಟ್ಯಾಗ್‌ಲೈನ್ ಕಟ್ಟಿರಬೇಕು, ಆ ಹಗ್ಗ ಹಿಡಿದೋರು ಮಷೀನ್ ಮುಂದೆ ಹಿಂದಕ್ಕೆ ಹೆಜ್ಜೆ ಹಾಕ್ತಾ ನಡೀಬಾರದು, ಆಪರೇಟರಿಗೆ ಕಾಣೋ ಹಾಗೆ ಪಕ್ಕಕ್ಕಿರಬೇಕು.

ಲೋಡರಿಗೋ ಸ್ಕಿಡ್ ಸ್ಟಿಯರಿಗೋ (ನಿಂತಲ್ಲೇ ತಿರುಗೋ ಸಣ್ಣ ಲೋಡರ್) ಫೋರ್ಕ್ ಹಾಕ್ಕೊಂಡ್ರೆ ಸಾಕಲ್ವಾ ಅಂತ ಕೇಳೋರಿಗೆ: ನೆಲಮಟ್ಟದ ಕೆಲಸ, ಲಾರಿ ಎತ್ತರದ ತನಕ ಆದ್ರೆ ಸಾಕು. ಮಣ್ಣು ತೋಡೋದೇ ಮುಖ್ಯ ಕೆಲಸ ಆಗಿ ಪ್ಯಾಲೆಟ್ ಅಪರೂಪಕ್ಕೆ ಬಂದ್ರೆ ಲೋಡರೇ ಇರಲಿ, ಟೆಲಿಹ್ಯಾಂಡ್ಲರಿನ ಬೂಮ್ ಗಟ್ಟಿ ಮಣ್ಣಿಗೆ ನುಗ್ಗಿ ಕೀಳೋಕೆ ಮಾಡಿದ್ದಲ್ಲ, ಬಕೆಟ್ ಹಾಕಿ ಸಡಿಲ ಮಾಲು ಎತ್ತೋಕೆ ಮಾತ್ರ.

ಟೆಲಿಹ್ಯಾಂಡ್ಲರೇ ಬೇಕು ಅಂತಾಯ್ತು, ಯಾವುದು?

ಸಣ್ಣದು ಅಂದ್ರೆ 2.5 ಟನ್, 6 ಮೀಟರ್ ಆಸುಪಾಸಿನದ್ದು, ಸುಮಾರು 1.8 ಮೀಟರ್ ಅಗಲ, 2 ಮೀಟರಿಗಿಂತ ಕಡಿಮೆ ಎತ್ತರ, ಶೆಡ್ ಬಾಗಿಲಲ್ಲಿ ನುಗ್ಗುತ್ತೆ, ಇಕ್ಕಟ್ಟಲ್ಲಿ ತಿರುಗುತ್ತೆ. ಒಂದೆರಡು ಮಹಡಿ, ಹೊಲ, ಗೋದಾಮಿನ ಅಂಗಳ ಇಷ್ಟಕ್ಕೆ ಇದು ಸಾಕು, ಮುಂದೆ ಯಾವತ್ತಾದ್ರೂ ಬೇಕಾಗುತ್ತೆ ಅಂತ ದೊಡ್ಡದು ತಗೊಂಡ್ರೆ ದಿನಾ ತಿರುಗೋಕೆ ಜಾಗ ಇಲ್ದೆ ಒದ್ದಾಡ್ಬೇಕಾಗುತ್ತೆ. ಹೊಲದ ಕೆಲಸಕ್ಕೆ ಮಾಡಿರೋ ಮಾಡೆಲ್ಲುಗಳು 6ರಿಂದ 9 ಮೀಟರಲ್ಲಿ ಇರ್ತವೆ, ಹೈಡ್ರಾಲಿಕ್ ಫ್ಲೋ ಜಾಸ್ತಿ, ಟ್ರೇಲರ್ ಎಳೆಯೋ ಹಿಚ್ ಇರುತ್ತೆ, ಕೆಲವು 40 ಕಿ.ಮೀ ವೇಗದಲ್ಲಿ ರಸ್ತೆ ಮೇಲೆ ಓಡ್ತವೆ. ದಿನಕ್ಕೆ ನೂರು ಬಕೆಟ್ ಎತ್ತೋರಿಗೆ ಈ ವೇಗ ಮುಖ್ಯ, ಕಟ್ಟಡದವರಿಗೆ ವೇಗಕ್ಕಿಂತ ನಿಧಾನವಾಗಿ ಅಂಗುಲ ಅಂಗುಲ ಸರಿಸೋ ನಾಜೂಕು ಮುಖ್ಯ. ಅದಕ್ಕೇ ಇಡೋ ಕೆಲಸ ಜಾಸ್ತಿ ಇದ್ರೆ ಎಣ್ಣೆ ಒತ್ತಡದಿಂದ ಚಕ್ರ ತಿರುಗಿಸೋ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್, ದೂರ ಓಡೋದು, ಎಳೆಯೋದು ಜಾಸ್ತಿ ಇದ್ರೆ ಗೇರ್ ಬಾಕ್ಸ್ ಜೊತೆ ಬರೋ ಟಾರ್ಕ್ ಕನ್ವರ್ಟರ್ ಅಂತ ನನ್ನ ಲೆಕ್ಕ.

12 ಮೀಟರ್ ದಾಟಿದ್ರೆ ಸ್ಟೆಬಿಲೈಸರ್ ಇರೋದೇ ತಗೊಳ್ಳಿ. ಮುಂದಿನ ಎರಡು ಕಾಲು ನೆಲಕ್ಕೂರಿದ್ರೆ ವಾಲೋ ಗೆರೆ ಮುಂದಕ್ಕೆ ಹೋಗುತ್ತೆ, ಕೆಪಾಸಿಟಿ ಹೆಚ್ಚುತ್ತೆ, ಚಾರ್ಟಲ್ಲೂ ಕಾಲು ಊರಿದ್ದಾಗ ಒಂದು, ಟೈರ್ ಮೇಲಿದ್ದಾಗ ಒಂದು ಅಂತ ಬೇರೆ ಬೇರೆ ಇರುತ್ತೆ. ಕಾಲು ಊರಿದ ಮೇಲೆ ಮಷೀನ್ ಅಲುಗಿಸೋ ಹಾಗಿಲ್ಲ ಅನ್ನೋದು ಅದರ ಬೆಲೆ. ಏರುಪೇರು ನೆಲದಲ್ಲೂ ಮಷೀನಿನ ಚೌಕಟ್ಟನ್ನ ಅಡ್ಡಕ್ಕೆ ಸಮ ಮಾಡೋ ಫ್ರೇಮ್ ಲೆವೆಲಿಂಗ್ ಅನ್ನೋದೂ ಇದ್ರೆ ಬಹಳ ಒಳ್ಳೇದು, ಯಾಕಂದ್ರೆ ಮಷೀನ್ ಪಕ್ಕಕ್ಕೆ 1 ಡಿಗ್ರಿ ವಾಲಿದ್ರೆ 15 ಮೀಟರ್ ಮೇಲೆ ಲೋಡು 26 ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತೆ. ಹಿಂದಿನ ಆಕ್ಸಲ್ ನಡುವಲ್ಲಿ ತೊಟ್ಟಿಲ ಥರ ತೂಗೋದ್ರಿಂದ ಮಷೀನ್ ನಾಲ್ಕು ಚಕ್ರದ ಮೇಲಿದೆ ಅಂತ ಕಂಡ್ರೂ ಅದರ ಸ್ಥಿರತೆ ನಿಂತಿರೋದು ತ್ರಿಕೋನದ ಮೇಲೆ, ಮುಂದಿನ ಎರಡು ಚಕ್ರ, ಹಿಂದೆ ಒಂದು ಪಿವಟ್. ಲೋಡ್ ಮೇಲಕ್ಕೆ ಹೋದಷ್ಟೂ ಆ ತ್ರಿಕೋನದ ಪಕ್ಕದಿಂದ ಜಾರೋದು ಸುಲಭ. ಎತ್ತೋ ಮುಂಚೆ ಕ್ಯಾಬಿನ್ನಿನ ಲೆವೆಲ್ ಗುಳ್ಳೆ ನಡುವಲ್ಲಿದೆಯಾ ಅಂತ ನೋಡೋಕೆ ಎರಡು ಸೆಕೆಂಡ್ ಸಾಕು, ಮೇಲೆತ್ತಿದ ಮೇಲೆ ಲೆವೆಲ್ ಮಾಡೋಕೆ ಹೋಗಬಾರದು.

ತಿರುಗೋ ಟೆಲಿಹ್ಯಾಂಡ್ಲರ್ ಅಂದ್ರೆ ರೋಟೊ, ಇಟಲಿಯ ಮೆರ್ಲೊ 1991ರಲ್ಲಿ ತಂದಿದ್ದು. ನಾಲ್ಕು ಕಾಲು ಊರಿ ಒಂದೇ ಕಡೆ ನಿಂತು ಸುತ್ತಲೂ 360 ಡಿಗ್ರಿ ಕೆಲಸ ಮಾಡುತ್ತೆ, ವಿಂಚ್ ಹಾಕಿದ್ರೆ ಕ್ರೇನು, ಬುಟ್ಟಿ ಹಾಕಿದ್ರೆ ಪ್ಲಾಟ್‌ಫಾರ್ಮು. ಈಗ ಮ್ಯಾಗ್ನಿ ಆರ್‌ಟಿಎಚ್ 6.51 ಅಂತ 51 ಮೀಟರ್ ಎತ್ತರಕ್ಕೆ ಹೋಗೋದೂ ಇದೆ. ಇಕ್ಕಟ್ಟು ಸೈಟಲ್ಲಿ ಸ್ಟೀಲ್ ಕಟ್ಟೋದು, ಮುಂಭಾಗಕ್ಕೆ ಗ್ಲಾಸ್ ಹಾಕೋದು ಇಂಥ ಬಗೆಬಗೆ ಕೆಲಸ ಒಂದೇ ಜಾಗದಲ್ಲಿ ಇದ್ರೆ ಇದು ಮೂರು ಮಷೀನಿನ ಜಾಗ ತುಂಬುತ್ತೆ. ಬರೀ ಪ್ಯಾಲೆಟ್ ಸಾಗಿಸೋಕೆ ಇದನ್ನ ತರಿಸೋದು ದಂಡ, ತೂಕ ಜಾಸ್ತಿ, ಕಾಲು ಊರೋಕೆ ಜಾಗ ಬೇಕು, ಆಪರೇಟರಿಗೆ ತರಬೇತಿನೂ ಬೇರೆ ಬೇಕು.

ಎಲೆಕ್ಟ್ರಿಕ್ ಈಗ ಬಂದಿದೆ, ಜೆಸಿಬಿ 525-60ಇ, ಮ್ಯಾನಿಟೂ ಎಂಟಿ 625ಇ, ಮೆರ್ಲೊ ಇವರ್ಕರ್, ಎಲ್ಲ ಸಣ್ಣ ಕ್ಲಾಸು. ಮುಚ್ಚಿದ ಜಾಗದಲ್ಲಿ ಡೀಸೆಲ್ ಹೊಗೆ ಕುಡಿಯೋ ಕೆಲಸಗಾರರಿಗೆ ಇದಕ್ಕಿಂತ ಉಪಕಾರ ಇಲ್ಲ. ದಿನದ ಮಧ್ಯೆ ಚಾರ್ಜಿಗೆ ಸಮಯ, ಸರಿಯಾದ ಕರೆಂಟ್ ಪಾಯಿಂಟ್ ಇದ್ರೆ ಧೈರ್ಯವಾಗಿ ತಗೊಳ್ಳಿ.

ಜನರನ್ನ ಎತ್ತೋ ವಿಷಯ

ಇದನ್ನ ಬೇರೆ ಮಾಡಿ ಬರೀತಿದ್ದೀನಿ ಯಾಕಂದ್ರೆ ಪ್ರಾಣದ ಮಾತು. ಫೋರ್ಕ್ ಮೇಲೆ, ಪ್ಯಾಲೆಟ್ ಮೇಲೆ, ಬಕೆಟ್ಟಲ್ಲಿ ಯಾರನ್ನೂ ನಿಲ್ಲಿಸಿ ಎತ್ತಬಾರದು, ಎರಡು ನಿಮಿಷದ ಕೆಲಸಕ್ಕೂ ಬೇಡ. ಕಂಪನಿ ಆ ಮಷೀನಿಗೇ ಒಪ್ಪಿರೋ ಬುಟ್ಟಿ, ಬುಟ್ಟಿಯೊಳಗಿಂದಾನೇ ಕಂಟ್ರೋಲ್ ಇರೋದು, ಹಾರ್ನೆಸ್ ಸಿಕ್ಕಿಸೋ ಪಾಯಿಂಟ್ ಇರೋದು ಆದ್ರೆ ಮಾತ್ರ. ದಿನವಿಡೀ ಎತ್ತರದಲ್ಲಿ ಜನ ಕೆಲಸ ಮಾಡ್ಬೇಕು ಅಂದ್ರೆ ಜನರನ್ನ ಎತ್ತೋಕೇ ಮಾಡಿರೋ ಬೂಮ್ ಲಿಫ್ಟೋ ಸಿಸರ್ ಲಿಫ್ಟೋ ತರಿಸಿ.

ಬಾಡಿಗೆಗಾ, ಸ್ವಂತಕ್ಕಾ

ಎತ್ತೋ ಕೆಲಸ ಒಂದು ಹಂತದಲ್ಲಿ ಮಾತ್ರ ಇದ್ರೆ ಬಾಡಿಗೆ, ವರ್ಷಪೂರ್ತಿ ದಿನಾ ಓಡ್ತಿದ್ರೆ ಸ್ವಂತ, ಇದರಲ್ಲಿ ಜಾಸ್ತಿ ಹೇಳೋಕೇನಿಲ್ಲ. ಹಳೇದು ತಗೊಳ್ಳೋರಿಗೆ ಮಾತ್ರ ಒಂದಷ್ಟು: ಬೂಮ್ ಪೂರ್ತಿ ಚಾಚಿಸಿ ಒಳಗಿನ ವೇರ್ ಪ್ಯಾಡ್ (ಬೂಮ್ ತುಂಡುಗಳ ನಡುವೆ ಜಾರೋ ಪಟ್ಟಿ) ಎಷ್ಟು ಸವೆದಿದೆ, ಬೂಮ್ ಅಕ್ಕಪಕ್ಕ ಎಷ್ಟು ಅಲ್ಲಾಡುತ್ತೆ ನೋಡಿ, ಚಾಚೋ ಚೈನ್ ಸಡಿಲ ಆಗಿದೆಯಾ, ಫೋರ್ಕ್ ಹಿಡಿಯೋ ತುದಿಯ ವೆಲ್ಡಲ್ಲಿ ಬಿರುಕು, ಮತ್ತೆ ಪೇಂಟ್ ಹೊಡೆದು ಮುಚ್ಚಿರೋ ಗುರುತು ಇದೆಯಾ ನೋಡಿ. ಟೈರ್ ಗಾಳಿಯದ್ದಾ ಫೋಮ್ ತುಂಬಿದ್ದಾ ಕೇಳಿ, ಚಾರ್ಟ್ ಯಾವುದಕ್ಕೆ ಬರೆದಿದ್ದು ಅನ್ನೋದಕ್ಕೆ ಅದು ಹೊಂದ್ಬೇಕು. ಆಮೇಲೆ ಮೂರು ಸ್ಟಿಯರಿಂಗ್ ಮೋಡೂ, ಮುಂದಿನ ಚಕ್ರ, ನಾಲ್ಕೂ ಚಕ್ರ, ಏಡಿ ನಡಿಗೆ (ನಾಲ್ಕೂ ಚಕ್ರ ಒಂದೇ ದಿಕ್ಕಿಗೆ ತಿರುಗಿ ಓರೆಯಾಗಿ ಹೋಗೋದು), ಒಂದೊಂದಾಗಿ ಹಾಕಿಸಿ ಓಡಿಸಿ.

ಮಷೀನ್ ಸೈಟಿಗೆ ಬಂದ ದಿನ ಬಾಡಿಗೆಯದ್ದಾಗಲಿ ಸ್ವಂತದ್ದಾಗಲಿ ಕ್ಯಾಬಿನ್ ಹತ್ತಿ ನೋಡಬೇಕಾದ್ದು ಇದು: ಈಗ ಹಾಕಿರೋ ಅಟ್ಯಾಚ್‌ಮೆಂಟಿನ ಚಾರ್ಟ್ ಓದೋ ಸ್ಥಿತಿಯಲ್ಲಿ ಒಳಗಿದೆಯಾ, ಮಷೀನಿನ ಪ್ಲೇಟಿನ ಮಾಡೆಲ್ಲೂ ಚಾರ್ಟಿನ ಮಾಡೆಲ್ಲೂ ಒಂದೇನಾ, ಇಂಡಿಕೇಟರ್ ದೀಪ ಹಸಿರು ಹಳದಿ ಕೆಂಪು ಮೂರೂ ಟೆಸ್ಟಲ್ಲಿ ಹತ್ತುತ್ತಾ, ಬೈಪಾಸ್ ಕೀ ಯಾರ ಕೈಲಿದೆ. ಬೂಮ್ ಕೆಳಗಿದ್ದಾಗ ಬಲಗಡೆ ಆಪರೇಟರಿಗೆ ಕಾಣದ ಜಾಗ ದೊಡ್ಡದಿರುತ್ತೆ, ಕನ್ನಡಿ ಕ್ಯಾಮೆರಾ ಸರಿ ಇದೆಯಾ ಅಂತ ಕೂತೇ ನೋಡಿ, ಒಬ್ಬರನ್ನ ಆ ಕಡೆ ನಡೆಸಿ ಎಲ್ಲಿ ಮಾಯ ಆಗ್ತಾರೆ ಅಂತ ಗುರುತು ಮಾಡ್ಕೊಳ್ಳಿ. ಮಷೀನ್ ನಿಲ್ಲೋ ಜಾಗದ ಕೆಳಗೆ ಸಂಪು, ಪಿಟ್ಟು, ಹೊಸದಾಗಿ ಮುಚ್ಚಿದ ಕಾಲುವೆ ಇದೆಯಾ ವಿಚಾರಿಸಿ, ತೆರೆದ ಕಂದಕ ಇದ್ರೆ ಕನಿಷ್ಠ ಅದರ ಆಳದಷ್ಟು ದೂರ ಬಿಡಿ, ಸ್ಟೆಬಿಲೈಸರ್ ಕೆಳಗೆ ಅಗಲದ ಪ್ಯಾಡ್ ಹಾಕಿ. ಲೋಡ್ ಹೊತ್ತು ಓಡಾಡುವಾಗ ಬೂಮ್ ಪೂರ್ತಿ ಒಳಗೆ, ಲೋಡು ನೆಲದಿಂದ 30ರಿಂದ 50 ಸೆಂಟಿಮೀಟರ್ ಮೇಲಷ್ಟೇ. ಗಾಳಿ ಬೀಸ್ತಿದ್ರೆ ಶೀಟು, ಪ್ಯಾನೆಲ್ಲು ಎತ್ತೋದನ್ನ ಮ್ಯಾನ್ಯುಯಲ್ಲಿನ ಗಾಳಿ ಮಿತಿ ನೋಡಿ ನಿಲ್ಲಿಸಿ, ಅವತ್ತು ಬ್ಲಾಕ್ ಸಾಗಿಸೋ ಕೆಲಸ ಇಟ್ಕೊಳ್ಳಿ.